ಮಳೆ ನಂಬುವಂತಿಲ್ಲದ ಕಾಲದಲ್ಲಿ ಬೆದ್ದಲು ಬೇಸಾಯ: ಹೊಲ ಮತ್ತು ಊಟ ಎರಡನ್ನೂ ಉಳಿಸಿಕೊಳ್ಳುವ ಲೆಕ್ಕ

ನಾಲ್ಕೇ ವರ್ಷಗಳ ಮಳೆಯನ್ನು ಒಮ್ಮೆ ನೆನಪಿಸಿಕೊಳ್ಳಿ. 2021ರ ನವೆಂಬರ್‌ನಲ್ಲಿ ಬಿಟ್ಟೂಬಿಡದೆ ಸುರಿದು, ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ನೆನೆದು ಮೊಳಕೆಯೊಡೆಯಿತು. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಮರುವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾಯಿತು. 2024ರಲ್ಲಿ ಮತ್ತೆ ಒಳ್ಳೆಯ ಮುಂಗಾರು.

ನೀರಾವರಿ ಇರುವವರು ಇದನ್ನು ಹೇಗೋ ತಡೆದುಕೊಳ್ಳುತ್ತಾರೆ. ಮಳೆಯೊಂದನ್ನೇ ನಂಬಿದ ಎತ್ತರದ ಒಣ ಊರುಗಳಲ್ಲಿ ಮಾತ್ರ ಒಂದು ವರ್ಷದ ಏರುಪೇರು ನೇರವಾಗಿ ಮನೆಯ ಕಣಜಕ್ಕೇ ತಟ್ಟುತ್ತದೆ. "ಹವಾಮಾನಕ್ಕೆ ಹೊಂದಿಕೊಂಡ ಕೃಷಿ" ಎಂಬ ಮಾತು ಈಗ ಸಭೆಗಳಲ್ಲಿ, ಕರಪತ್ರಗಳಲ್ಲಿ ಜಾಸ್ತಿ ಕೇಳಿಬರುತ್ತಿದೆ. ಹೊಲದಲ್ಲಿ ನಿಂತು ನೋಡಿದರೆ ಆ ಮಾತಿಗೆ ಏನರ್ಥ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಬುಡದಿಂದ ನೋಡೋಣ.

## ಯಾವ ಭೂಮಿಯ ಮಾತು ಇದು?

ಕಾಲುವೆ, ಕೆರೆ, ಕೊಳವೆಬಾವಿ ಯಾವುದರ ನೀರೂ ಸಿಗದೆ ಮಳೆಯಲ್ಲೇ ಬೆಳೆಯುವ ಹೊಲಕ್ಕೆ ಬೆದ್ದಲು ಅಥವಾ ಖುಷ್ಕಿ ಎನ್ನುತ್ತಾರೆ. ದೇಶದಲ್ಲಿ ರಾಜಸ್ಥಾನ ಬಿಟ್ಟರೆ ಇಂಥ ಒಣಭೂಮಿ ಅತಿ ಹೆಚ್ಚಿರುವುದು ಕರ್ನಾಟಕದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಇದೇ ರಾಜ್ಯದಲ್ಲಿ ಚಳ್ಳಕೆರೆ, ಪಾವಗಡದ ಕಡೆ 500 ಮಿಲಿಮೀಟರ್ ಬಂದರೆ ಅದೇ ದೊಡ್ಡದು.

ಬೆದ್ದಲು ಹೊಲಗಳೆಲ್ಲ ಒಂದೇ ಥರ ಅಲ್ಲ. ಕೋಲಾರ, ತುಮಕೂರು, ಚಿತ್ರದುರ್ಗದ ದಿಬ್ಬದ ಹೊಲಗಳಲ್ಲಿ ಹೆಚ್ಚಾಗಿ ಕೆಂಪು ಮಣ್ಣು. ವಿಜಯಪುರ, ಗದಗ, ರಾಯಚೂರಿನ ಕಡೆ ಎರೆ, ಅಂದರೆ ಕಪ್ಪು ಮಣ್ಣು. ಮಣ್ಣನ್ನು ನೀರು ತುಂಬಿಡುವ ಪಾತ್ರೆ ಅಂದುಕೊಂಡರೆ ಮರಳು ಬೆರೆತ ಕೆಂಪು ಮಣ್ಣು ಚೊಂಬು, ಆಳವಾದ ಎರೆ ಮಣ್ಣು ಹಂಡೆ. ಕೆಂಪು ಹೊಲ ಸಣ್ಣ ಮಳೆಗೂ ಬೇಗ ಹದವಾಗುತ್ತದೆ, ಆದರೆ ಹತ್ತು ಹದಿನೈದು ದಿನ ಮಳೆ ಕೈಕೊಟ್ಟರೆ ಬೆಳೆ ಬಾಡಲು ಶುರುವಾಗುತ್ತದೆ. ಎರೆ ಹೊಲಕ್ಕೆ ಒಮ್ಮೆ ಚೆನ್ನಾಗಿ ನೀರು ಇಳಿದರೆ ಸಾಕು, ಆಮೇಲೆ ಮಳೆಯೇ ಬರದಿದ್ದರೂ ಹಿಂಗಾರಿನ ಬಿಳಿಜೋಳ ಆ ಹಸಿಯಲ್ಲೇ ತೆನೆ ಕಟ್ಟುತ್ತದೆ. ಒಂದೂರಿನಲ್ಲಿ ಫಲ ಕೊಟ್ಟ ಉಪಾಯ ಇನ್ನೊಂದೂರಿನಲ್ಲಿ ಯಾಕೆ ಸೋಲುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

## ಮಳೆ ಕಡಿಮೆಯಾಗಿದೆಯಾ, ಸಾಲು ತಪ್ಪಿದೆಯಾ?

ವರ್ಷದ ಒಟ್ಟು ಮಳೆಯ ಅಂಕಿ ನೋಡಿದರೆ ಎಷ್ಟೋ ಸಲ ವ್ಯತ್ಯಾಸವೇ ಕಾಣುವುದಿಲ್ಲ. "ವಾಡಿಕೆ ಮಳೆ ಆಗಿದೆ" ಎಂದು ಪತ್ರಿಕೆಯಲ್ಲಿ ಬರುತ್ತದೆ, ಹೊಲದಲ್ಲಿ ಮಾತ್ರ ಬೆಳೆ ಇರುವುದಿಲ್ಲ. ಇದು ಹೇಗೆ?

ಬೆಳೆಗೆ ಬೇಕಾದದ್ದು ಒಟ್ಟು ಮಳೆಯಲ್ಲ, ಸರಿಯಾದ ಅಂತರದಲ್ಲಿ ಬರುವ ಮಳೆ. ಬಿತ್ತಿದಾಗ ಒಂದು, ಪೈರು ತೆಂಡೆ (ಬುಡದಿಂದ ಹೊರಡುವ ಕವಲು) ಒಡೆಯುವಾಗ ಒಂದೆರಡು, ಹೂವು ಮತ್ತು ಕಾಳು ಕಟ್ಟುವ ಹೊತ್ತಿಗೆ ತಪ್ಪದೆ ಒಂದು. ಹಳಬರು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಲೆಕ್ಕ ಇಟ್ಟಿದ್ದೂ ಇದಕ್ಕೇ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಎನ್ನುವ ಮಾತಿನಲ್ಲಿ ಇರುವುದು ಬಿತ್ತನೆಯ ಕಾಲದ ಲೆಕ್ಕ. ಈಗ ಆ ಸಾಲು ತಪ್ಪುತ್ತಿದೆ. ತಿಂಗಳುಗಟ್ಟಲೆ ಹನಿ ಇಲ್ಲ, ಆಮೇಲೆ ಎರಡು ದಿನದಲ್ಲಿ ತಿಂಗಳ ಮಳೆ. 2023ರ ಆಗಸ್ಟ್ ತಿಂಗಳಂತೂ ಇಡೀ ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಗಿತ್ತು, ನಮ್ಮ ಮುಂಗಾರು ಪೈರಿಗೆ ನೀರು ಬಹಳ ಬೇಕಾದ ತಿಂಗಳು ಅದು.

ಇದರ ಹಿಂದೆ ಸರಳವಾದ ಭೌತಶಾಸ್ತ್ರ ಇದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಹಾಗಾಗಿ ಒಣ ದಿನಗಳಲ್ಲಿ ಬಿಸಿ ಗಾಳಿ ಹೊಲದಿಂದ, ಎಲೆಯಿಂದ ಹೆಚ್ಚು ನೀರನ್ನು ಎಳೆದುಕೊಳ್ಳುತ್ತದೆ. ಸುರಿಯುವಾಗ ಒಮ್ಮೆಲೇ ಜಾಸ್ತಿ ಸುರಿಯುತ್ತದೆ. ಬರವೂ ಪ್ರವಾಹವೂ ಒಂದೇ ಕಾರಣದಿಂದ ಜೋರಾಗುವುದು ಹೀಗೆ. ಇದರ ಮೇಲೆ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ವರ್ಷ ಬಂತೆಂದರೆ ನಮ್ಮ ಮುಂಗಾರು ದುರ್ಬಲವಾಗುವ ಸಾಧ್ಯತೆ ಹೆಚ್ಚು. 2023 ಅಂಥ ವರ್ಷ.

ಒಳ್ಳೆಯ ವರ್ಷದಲ್ಲಿ ಅತಿ ಹೆಚ್ಚು ಇಳುವರಿ ತೆಗೆಯುವುದು ನೀರಾವರಿ ಹೊಲದ ಗುರಿ. ಬೆದ್ದಲು ಹೊಲದ ಗುರಿ ಬೇರೆ: ಎಂಥ ಕೆಟ್ಟ ವರ್ಷದಲ್ಲೂ ಕೈ ಪೂರ್ತಿ ಬರಿದಾಗಬಾರದು. ಮುಂದೆ ಬರುವ ಪ್ರತಿಯೊಂದು ಉಪಾಯವನ್ನೂ ಈ ಕಣ್ಣಿನಿಂದಲೇ ನೋಡಬೇಕು.

## ಬಿದ್ದ ನೀರು ಎಲ್ಲಿ ಹೋಗುತ್ತದೆ?

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್. ಹಾಗಾದರೆ 25 ಮಿಲಿಮೀಟರಿನ ಒಂದು ಹದ ಮಳೆ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ತಂದು ಹಾಕುತ್ತದೆ. ವರ್ಷಕ್ಕೆ 500 ಮಿಲಿಮೀಟರ್ ಎಂದರೆ ಎಕರೆಗೆ 20 ಲಕ್ಷ ಲೀಟರ್! ಬರದ ಸೀಮೆ ಎಂದು ನಾವು ಕರೆಯುವ ಊರಿನ ಲೆಕ್ಕ ಇದು.

ಅಷ್ಟೂ ನೀರು ಬೇರಿಗೆ ಸಿಗುವುದಿಲ್ಲ ಅಷ್ಟೇ. ಒಂದು ಪಾಲು ಇಳಿಜಾರಿನಲ್ಲಿ ಹರಿದುಹೋಗುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. ಇನ್ನೊಂದು ಪಾಲು ಬಿಸಿಲಿಗೆ ಆರುತ್ತದೆ. ಮತ್ತೊಂದಿಷ್ಟನ್ನು ಕಳೆ ಕುಡಿಯುತ್ತದೆ. ಈ ಮೂರು ಸೋರಿಕೆಗಳನ್ನು ಕಡಿಮೆ ಮಾಡುವುದೇ ಮೊದಲ ಕೆಲಸ, ಇದಕ್ಕೆ ಹೊಸ ಬೀಜವೂ ಬೇಡ, ಕೊಳವೆಬಾವಿಯೂ ಬೇಡ.

ಹರಿಯುವ ನೀರಿಗೆ ಮದ್ದು ಎಂದರೆ ಇಳಿಜಾರಿಗೆ ಅಡ್ಡಲಾಗಿ ಉಳುವುದು, ಅಡ್ಡಲಾಗಿಯೇ ಬಿತ್ತುವುದು. ನೇಗಿಲಿನ ಒಂದೊಂದು ಸಾಲೂ ಆಗ ಪುಟ್ಟ ಒಡ್ಡಾಗುತ್ತದೆ. ಇಳಿಜಾರಿನ ಗುಂಟ ಉತ್ತರೆ ಅದೇ ಸಾಲು ಕಾಲುವೆಯಾಗಿ ನೀರನ್ನು ಹೊಲದಿಂದ ಹೊರಗೆ ಸಾಗಿಸುತ್ತದೆ. ಕೊಯ್ಲಾದ ಮೇಲೆ ಮಾಗಿ ಉಳುಮೆ ಮಾಡಿಟ್ಟರೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆಯೂ ಒಳಗಿಳಿಯುತ್ತದೆ. ವಿಜಯಪುರದ ಕಡೆ ಎರೆ ಹೊಲವನ್ನು ಚೌಕಾಕಾರದ ಮಡಿಗಳಾಗಿ ಕಟ್ಟಿ, ಮುಂಗಾರಿನ ನೀರನ್ನು ಅಲ್ಲಲ್ಲೇ ಇಂಗಿಸಿ, ಹಿಂಗಾರಿಗೆ ಜೋಳ ಬಿತ್ತುತ್ತಾರೆ. ಬದುಗಳ ವಿಷಯದಲ್ಲಿ ಮಾತ್ರ ಒಬ್ಬರೇ ಮಾಡಿದರೆ ಸಾಲದು. ಮೇಲಿನ ಹೊಲದವರು ಬಿಟ್ಟರೆ ಆ ನೀರು ಕೆಳಗಿನ ಹೊಲದ ಬದುವನ್ನೇ ಒಡೆಯುತ್ತದೆ. ಗುಡ್ಡದ ನೆತ್ತಿಯಿಂದ ಹಳ್ಳದವರೆಗೆ ಇಡೀ ಪ್ರದೇಶವನ್ನು ಒಂದಾಗಿ ನೋಡುವ ಕೆಲಸಕ್ಕೆ ಜಲಾನಯನ ಅಭಿವೃದ್ಧಿ ಎನ್ನುತ್ತಾರೆ. 2001ರಿಂದ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲಾ ಯೋಜನೆ ಮಾಡಿದ್ದು ಇದನ್ನೇ.

ಆರುವ ನೀರಿಗೆ ಎಡೆಕುಂಟೆ, ಅಂದರೆ ಬೆಳೆಯ ಸಾಲುಗಳ ನಡುವೆ ಎಳೆಯುವ ಕುಂಟೆ ಇದೆ. ಎಡೆ ಹೊಡೆಯುವುದು ಕಳೆ ತೆಗೆಯಲು ಮಾತ್ರ ಅಲ್ಲ. ಮೇಲ್ಮಣ್ಣನ್ನು ಕದಡಿ ಸಡಿಲ ಮಾಡಿದಾಗ ಒಳಗಿನ ತೇವ ಮೇಲೆ ಬರುವ ಸಣ್ಣ ದಾರಿಗಳು ತುಂಡಾಗುತ್ತವೆ, ಮೇಲಿನ ಒಣ ಪುಡಿ ಹೊದಿಕೆಯಂತೆ ಕೂರುತ್ತದೆ. ಎರೆ ಹೊಲದಲ್ಲಿ ಬಿರುಕುಗಳೂ ಮುಚ್ಚುತ್ತವೆ. ಕೊಟ್ಟಿಗೆ ಗೊಬ್ಬರ ಹಾಕಿದಷ್ಟೂ ಕೆಂಪು ಮಣ್ಣು ನೀರು ಹಿಡಿಯುವ ಶಕ್ತಿ ಪಡೆಯುತ್ತದೆ, ಆದರೆ ದನಗಳೇ ಕಡಿಮೆಯಾದ ಮನೆಗಳಲ್ಲಿ ಗೊಬ್ಬರ ತರುವುದೆಲ್ಲಿಂದ? ಬದುವಿನ ಮೇಲೆ ಹೊಂಗೆ, ಗ್ಲಿರಿಸಿಡಿಯಾ ಬೆಳೆಸಿ ಅದರ ಸೊಪ್ಪನ್ನೇ ಹೊಲಕ್ಕೆ ಹಾಕಿಕೊಳ್ಳುವುದು ಇದಕ್ಕೆ ಇರುವ ಒಂದು ದಾರಿ.

## ಕೃಷಿ ಹೊಂಡ ಎಷ್ಟು ಕಾಪಾಡುತ್ತದೆ?

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಕೃಷಿ ಹೊಂಡ ಮನೆಮಾತಾಯಿತು. ಹೊಲದ ತಗ್ಗಿನಲ್ಲಿ ಗುಂಡಿ ತೆಗೆದು ಹರಿದುಹೋಗುವ ಮಳೆನೀರನ್ನು ಹಿಡಿಯುವುದು ಇದರ ಕೆಲಸ. ಕೆಂಪು ಮಣ್ಣಿನಲ್ಲಿ ನೀರು ಇಂಗಿಹೋಗುವುದರಿಂದ ಒಳಗೆ ಪಾಲಿಥಿನ್ ಹಾಳೆ ಹಾಸುತ್ತಾರೆ, ಎರೆ ಮಣ್ಣಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಉದ್ದ, ಅಗಲ ಹತ್ತತ್ತು ಮೀಟರ್, ಆಳ ಮೂರು ಮೀಟರ್ ಇರುವ ಹೊಂಡವನ್ನೇ ತೆಗೆದುಕೊಳ್ಳಿ. ಗುಣಿಸಿದರೆ ಮೂರು ಲಕ್ಷ ಲೀಟರ್ ಎನಿಸುತ್ತದೆ. ಆದರೆ ಬದಿಗಳು ಕುಸಿಯದಿರಲು ಇಳಿಜಾರಾಗಿ ತೆಗೆಯಬೇಕಲ್ವಾ, ಹಾಗೆ ತೆಗೆದಾಗ ಹಿಡಿಯುವುದು ಸುಮಾರು ಒಂದೂವರೆ ಲಕ್ಷ ಲೀಟರ್. ಅಂದರೆ ಒಂದು ಎಕರೆಗೆ ಒಂದೂವರೆ ಹದ ಮಳೆಯಷ್ಟು ನೀರು. ಇದರಲ್ಲಿ ಟೊಮ್ಯಾಟೊ ಬೆಳೆಯುತ್ತೇನೆಂದರೆ ಸಾಲುವುದಿಲ್ಲ. ರಾಗಿ ತೆನೆ ಕಟ್ಟುವಾಗ ಮಳೆ ಕೈಕೊಟ್ಟರೆ ಒಂದು ಸಲ ನೀರು ಕೊಟ್ಟು ಆ ಎಕರೆಯನ್ನು ಉಳಿಸಿಕೊಳ್ಳಲು ಸಾಕು. ಹೊಂಡಕ್ಕೆ ಕೊಳವೆಬಾವಿ ನೀರು ತುಂಬಿ ಇಡುವವರಿದ್ದಾರೆ, ಆಗ ಮಳೆನೀರು ಬಂದರೂ ನಿಲ್ಲಲು ಜಾಗವೇ ಇರುವುದಿಲ್ಲ, ಹೊಂಡ ತೆಗೆದ ಉದ್ದೇಶವೇ ಹೋಯಿತು. ಒಂದು ಮಾತು ದಯವಿಟ್ಟು ಮರೆಯಬೇಡಿ: ಹೊಂಡದ ಸುತ್ತ ಬೇಲಿ ಇರಲೇಬೇಕು. ಪಾಲಿಥಿನ್ ಹಾಸಿದ ಬದಿ ಜಾರುತ್ತದೆ, ಒಳಗೆ ಬಿದ್ದ ಮಗು ಹತ್ತಿ ಬರಲಾಗುವುದಿಲ್ಲ. ಒಳಗೊಂದು ಗಂಟು ಹಾಕಿದ ಹಗ್ಗವನ್ನೂ ಇಳಿಬಿಟ್ಟಿರಿ.

## ರಾಗಿ, ಸಾವೆ, ನವಣೆ ಯಾಕೆ ತಡೆಯುತ್ತವೆ?

ಗಿಡ ಊಟ ತಯಾರಿಸಲು ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳಬೇಕು. ತೆರೆದಾಗೆಲ್ಲ ಒಳಗಿನ ನೀರು ಆವಿಯಾಗಿ ಹೊರಹೋಗುತ್ತದೆ. ಭತ್ತ, ಗೋಧಿಯ ಎಲೆಗಳು ರಂಧ್ರ ಜಾಸ್ತಿ ತೆರೆದಿಡಬೇಕು. ರಾಗಿ, ಜೋಳ, ಸಜ್ಜೆ, ನವಣೆಯ ಎಲೆಗಳ ಒಳಗೆ ಡೈಆಕ್ಸೈಡನ್ನು ಒಂದೆಡೆ ಒತ್ತೊತ್ತಾಗಿ ಸೇರಿಸಿಕೊಳ್ಳುವ ಬೇರೆಯದೇ ಏರ್ಪಾಟಿದೆ, ಹಾಗಾಗಿ ಕಡಿಮೆ ತೆರೆದರೂ ಕೆಲಸ ನಡೆಯುತ್ತದೆ, ನೀರು ಉಳಿಯುತ್ತದೆ. ಈ ಗುಂಪಿಗೆ ಸಿ-4 ಸಸ್ಯಗಳು ಎಂದು ಹೆಸರು.

ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ಮೆಕ್ಕೆಜೋಳವೂ ಸಿ-4, ಕಬ್ಬೂ ಸಿ-4. ಆದರೂ ಮೆಕ್ಕೆಜೋಳ ಸೂಲಂಗಿ ಹೊಡೆಯುವ, ಅಂದರೆ ಹೂ ಬಿಡುವ ಹೊತ್ತಿಗೆ ಎರಡು ವಾರ ಮಳೆ ಹೋದರೆ ಕಾಳೇ ಕಟ್ಟುವುದಿಲ್ಲ, ಯಾಕೆಂದರೆ ಅದರ ಹೂವಿನ ಕಾಲ ಗಿಡಕ್ಕೊಂದೇ ಸಲ. ರಾಗಿ ಹಾಗಲ್ಲ. ಎಳೆಯ ಪೈರು ಬಿಸಿಲಿಗೆ ಸುಮ್ನೆ ಮುದುಡಿ ಕೂರುತ್ತದೆ, ಮಳೆ ಬಂದೊಡನೆ ಹೊಸ ತೆಂಡೆ ಒಡೆದು ಎದ್ದು ನಿಲ್ಲುತ್ತದೆ. ಒಂದು ತೆಂಡೆ ಹೋದರೆ ಇನ್ನೊಂದು ತೆನೆ ಕೊಡುತ್ತದೆ. ಹಾವೇರಿಯ ಕಡೆಯ ಗುಳಿ ರಾಗಿ ಪದ್ಧತಿ ಬಳಸಿಕೊಳ್ಳುವುದೂ ಇದೇ ಗುಣವನ್ನು. ಸಸಿಗಳನ್ನು ಅಗಲ ಅಂತರದ ಗುಳಿಗಳಲ್ಲಿ ನೆಟ್ಟು, ಮೇಲೆ ಕೊರಡು ಎಳೆದು ಬಗ್ಗಿಸುತ್ತಾರೆ. ಹಾಗೆ ಮಾಡಿದಾಗ ಬುಡದಿಂದ ತೆಂಡೆಗಳು ಹೆಚ್ಚು ಒಡೆಯುತ್ತವೆ.

ಸಿರಿಧಾನ್ಯಗಳ ಇನ್ನೊಂದು ಬಲ ಅವುಗಳ ಅವಧಿ. ಬರಗು ಎರಡೂವರೆ ತಿಂಗಳೊಳಗೆ ಕೈಗೆ ಬರುತ್ತದೆ, ಸಾವೆ ಮೂರು ತಿಂಗಳ ಆಸುಪಾಸಿನಲ್ಲಿ. ಹಾರಕಕ್ಕೆ ಮಾತ್ರ ನಾಲ್ಕು ತಿಂಗಳ ಆಸುಪಾಸು ಬೇಕು. ಅವಧಿ ಕಿರಿದಾದಷ್ಟೂ ಬರಕ್ಕೆ ಸಿಕ್ಕಿಬೀಳುವ ದಿನಗಳು ಕಡಿಮೆ.

ತಳಿಯ ಕೆಲಸವನ್ನೂ ಇಲ್ಲಿ ನೆನೆಯಬೇಕು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು, ಬಯಲುಸೀಮೆಯ ಇಳುವರಿಯೇ ಬದಲಾಯಿತು. ಆಮೇಲೆ ಬೆಂಕಿ ರೋಗವನ್ನು ತಡೆಯುವ ಜಿಪಿಯು-28, ಬರವನ್ನೂ ಚೆನ್ನಾಗಿ ತಡೆಯುವ ಎಂಎಲ್-365 ಬಂದವು.

## ಅಕ್ಕಡಿ ಸಾಲಿನ ಜಾಣತನ

ಒಂದು ಹೊಲದಲ್ಲಿ ರಾಗಿ ಬಿತ್ತಿ, ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಅಂಚಿಗೆ ಹರಳು ಹಾಕುವ ಕ್ರಮಕ್ಕೆ ಅಕ್ಕಡಿ ಎನ್ನುತ್ತಾರೆ. ನೋಡಲು ಕಲಸುಮೇಲೋಗರ ಎನಿಸಬಹುದು. ಒಳಗೆ ದೊಡ್ಡ ಲೆಕ್ಕ ಇದೆ.

ರಾಗಿಯ ಬೇರು ಮೇಲ್ಪದರದಲ್ಲಿ ಹರಡುತ್ತದೆ, ತೊಗರಿಯದು ಆಳಕ್ಕೆ ಇಳಿಯುತ್ತದೆ. ಹಾಗಾಗಿ ಇಬ್ಬರೂ ಒಂದೇ ನೀರಿಗೆ ಜಗಳವಾಡುವುದಿಲ್ಲ. ಮುಂಗಾರು ಕೈಕೊಟ್ಟು ರಾಗಿ ಸೊರಗಿದರೆ, ಹಿಂಗಾರಿನ ಮಳೆಗೆ ತೊಗರಿ, ಅವರೆ ಚೇತರಿಸಿಕೊಳ್ಳುತ್ತವೆ. ರಾಜ್ಯದ ದಕ್ಷಿಣ ಒಳನಾಡಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ ಬೀಳುವುದರಿಂದ ಇದು ಬಹಳ ಮುಖ್ಯ. ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ, ಉದುರಿದ ಎಲೆ ಮಣ್ಣಿಗೆ ಸೇರುತ್ತದೆ. ಮನೆಗೆ ಬರುವುದನ್ನು ನೋಡಿ: ಹಿಟ್ಟಿಗೆ ರಾಗಿ, ಸಾರಿಗೆ ಬೇಳೆ, ಒಗ್ಗರಣೆಗೆ ಸಾಸಿವೆ, ದನಕ್ಕೆ ಹುಲ್ಲು. ಒಂದೇ ಹೊಲ ಇಡೀ ತಟ್ಟೆಯನ್ನು ತುಂಬುತ್ತದೆ!

ಇದನ್ನೇ ಸ್ವಲ್ಪ ಅಚ್ಚುಕಟ್ಟು ಮಾಡಿ ಕೃಷಿ ವಿಶ್ವವಿದ್ಯಾಲಯ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಲು ಹೇಳುತ್ತದೆ. ಆ ಎರಡು ತೊಗರಿ ಸಾಲಿನ ಮಧ್ಯೆ ಒಂದು ಆಳವಾದ ಸಾಲು ತೆಗೆದರೆ ನೀರು ಅಲ್ಲೇ ನಿಂತು ಇಂಗುತ್ತದೆ.

ಹಾಗಾದರೆ ಅಕ್ಕಡಿ ಯಾಕೆ ಕಡಿಮೆಯಾಯಿತು? ಕಾರಣಗಳು ನಿಜವಾದವು. ಕೂಲಿಗೆ ಜನ ಸಿಗುವುದಿಲ್ಲ, ಕಟಾವು ಯಂತ್ರಕ್ಕೆ ಒಂದೇ ಬೆಳೆಯ ಹೊಲ ಬೇಕು, ಕಳೆನಾಶಕ ಹೊಡೆದರೆ ಅವರೆ, ಅಲಸಂದೆ ಸಾಯುತ್ತವೆ. ಎಂಟು-ಎರಡರ ಸಾಲು ಇಲ್ಲಿ ಒಂದು ರಾಜಿ, ಏಕೆಂದರೆ ಸಾಲು ಬೇರೆಬೇರೆ ಇದ್ದಾಗ ಕುಂಟೆಯೂ ನಡೆಯುತ್ತದೆ, ಕೊಯ್ಲೂ ಸಲೀಸು.

## ಮಳೆ ತಡವಾದರೆ ಏನು ಬಿತ್ತುವುದು?

ಇಲ್ಲಿ ಹಿಂದಿನಿಂದ ಎಣಿಸಬೇಕು. ನಿಮ್ಮ ಸೀಮೆಯಲ್ಲಿ ಮಳೆ ಯಾವಾಗ ಮುಗಿಯುತ್ತದೆ, ಆ ದಿನದಿಂದ ಹಿಂದಕ್ಕೆ ಬೆಳೆಯ ಅವಧಿ ಎಣಿಸಿದರೆ ಬಿತ್ತನೆಯ ಕೊನೆಯ ದಿನ ಸಿಗುತ್ತದೆ. ಜುಲೈನಲ್ಲಿ ಹದವಾದರೆ 110–115 ದಿನದ ಜಿಪಿಯು-28 ನಡೆಯುತ್ತದೆ. ಆಗಸ್ಟ್ ಬಂದರೆ ನೂರು ದಿನದೊಳಗಿನ ಜಿಪಿಯು-48ರಂಥ ತಳಿಗೆ ಹೋಗಬೇಕು. ಅದೂ ದಾಟಿತೇ? ಹುರುಳಿ ಚೆಲ್ಲಿ. ಹುರುಳಿ ಇಬ್ಬನಿಯಲ್ಲೂ ಬೆಳೆಯುತ್ತದೆ ಎನ್ನುವಷ್ಟು ಗಟ್ಟಿ ಬೆಳೆ, ಕಾಳಿಲ್ಲದಿದ್ದರೆ ಮೇವಾದರೂ ಸಿಗುತ್ತದೆ. ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ ಜಿಲ್ಲೆ ಜಿಲ್ಲೆಗೂ ಇಂಥ ಬದಲಿ ಬೆಳೆ ಯೋಜನೆ ಸಿದ್ಧಪಡಿಸಿದೆ, ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಯೋಜನೆ ಕಾಗದದಲ್ಲಿ ಚೆನ್ನಾಗಿದ್ದರೂ ಆ ಹೊತ್ತಿಗೆ ಅಲ್ಪಾವಧಿ ಬೀಜ ಸಿಗದಿದ್ದರೆ ಏನೂ ಪ್ರಯೋಜನವಿಲ್ಲ. ಅದಕ್ಕೇ ಒಂದೆರಡು ಬಳ್ಳ ಬೇರೆ ಬೀಜವನ್ನು ಮನೆಯಲ್ಲೇ ಇಟ್ಟುಕೊಂಡಿರುವುದು ಜಾಣತನ.

ಬೀಜಕ್ಕೆ ಮಾಡುವ ಒಂದು ಸಣ್ಣ ಉಪಚಾರವೂ ಇದೆ, ಖರ್ಚು ಸೊನ್ನೆ. ರಾಗಿ ಬೀಜವನ್ನು ಆರು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಮೊಳಕೆಯ ಸುಳಿವು ಕಂಡೊಡನೆ ನೆರಳಲ್ಲಿ ಒಣಗಿಸಿ ಬಿತ್ತುವುದು. ಹೀಗೆ ಗಟ್ಟಿಮಾಡಿದ ಬೀಜ ಬೇಗ ಹುಟ್ಟುತ್ತದೆ, ಆರಂಭದ ಒಣಹವೆಯನ್ನು ಚೆನ್ನಾಗಿ ತಡೆಯುತ್ತದೆ.

## ಬೆಳೆದದ್ದು ಮನೆಯಲ್ಲಿ ಉಳಿಯಬೇಕಲ್ಲ

ಆಹಾರ ಭದ್ರತೆ ಎಂದರೆ ಒಂದು ವರ್ಷ ಚೀಲ ತುಂಬುವುದಲ್ಲ. ಎಲ್ಲ ತಿಂಗಳೂ, ಮನೆಯ ಎಲ್ಲರಿಗೂ, ಸತ್ವ ಇರುವ ಊಟ ಸಿಗಬೇಕು. ರಾಗಿಗೆ ಹುಳ ಬೀಳುವುದು ತೀರಾ ಕಡಿಮೆ. ಹಿಂದೆ ನೆಲದೊಳಗಿನ ಹಗೇವುಗಳಲ್ಲಿ ಅದನ್ನು ವರ್ಷಗಟ್ಟಲೆ ಇಡುತ್ತಿದ್ದರು, ಒಳ್ಳೆಯ ವರ್ಷದ ಕಾಳು ಬರದ ವರ್ಷಕ್ಕೆ ಆಗುತ್ತಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ಹತ್ತಿಪ್ಪತ್ತು ಮಿಲಿಗ್ರಾಂ ದಾಟುವುದಿಲ್ಲ. ಸಾವೆ, ನವಣೆಯನ್ನು ಸಿಪ್ಪೆ ಸಮೇತ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಅಕ್ಕಿ ಮಾಡಿಸಿದ ಮೇಲೆ ಕೆಲವೇ ತಿಂಗಳಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಬೇಕಾದಷ್ಟೇ ಮಾಡಿಸಿಕೊಳ್ಳಲು ಊರ ಹತ್ತಿರ ಸಣ್ಣ ಯಂತ್ರ ಇರಬೇಕು. ಹೆಂಗಸರು ಗಂಟೆಗಟ್ಟಲೆ ಕುಟ್ಟಿ ಕೇರಬೇಕಾಗಿದ್ದ ಕಾಲದಲ್ಲೇ ಈ ಧಾನ್ಯಗಳು ಎಷ್ಟೋ ಅಡುಗೆಮನೆಗಳಿಂದ ಹೊರಟುಹೋಗಿದ್ದು.

ಮಾರುವವರಿಗೆ ಬೆಂಬಲ ಬೆಲೆಯ ಲೆಕ್ಕ ಹೀಗಿದೆ: ರಾಗಿಗೆ ಕ್ವಿಂಟಲ್‌ಗೆ 2023–24ರಲ್ಲಿ 3,846 ರೂಪಾಯಿ ಇತ್ತು, 2025–26ಕ್ಕೆ 4,886 ರೂಪಾಯಿ. ಬೆಲೆ ನೋಡಿ ಅಷ್ಟನ್ನೂ ಮಾರಿಬಿಡುವ ಮುಂಚೆ ಮುಂದಿನ ಎರಡು ಕೊಯ್ಲಿನವರೆಗಿನ ಊಟಕ್ಕೆ, ಬೀಜಕ್ಕೆ ತೆಗೆದಿಡುವುದು ಬೆದ್ದಲು ಮನೆಗೆ ಬಹಳ ಬೇಕಾದ ಅಭ್ಯಾಸ. ಕುರಿ, ಮೇಕೆ, ಬದುವಿನ ಹುಣಸೆ, ಸೀತಾಫಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಬೆಳೆ ಹೋದ ವರ್ಷವೂ ಅವು ಏನಾದರೂ ಕೊಡುತ್ತವೆ.

## ಎಲ್ಲ ಮಾಡಿದರೂ ಬೆಳೆ ಹೋದರೆ?

ಪ್ರಧಾನಮಂತ್ರಿ ಫಸಲ್ ಬಿಮಾ, ಅಂದರೆ ಬೆಳೆ ವಿಮೆ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತರು ಕಟ್ಟುವುದು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ಉಳಿದದ್ದನ್ನು ಸರ್ಕಾರಗಳು ಕಟ್ಟುತ್ತವೆ. ಪರಿಹಾರ ನಿಮ್ಮೊಬ್ಬರ ಹೊಲ ನೋಡಿ ಬರುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು ಒಂದು ಘಟಕವಾಗಿ ತೆಗೆದುಕೊಂಡು, ಅಲ್ಲಿ ಕೊಯ್ದು ನೋಡಿದ ಸರಾಸರಿ ಇಳುವರಿ ನಿಗದಿಗಿಂತ ಕಡಿಮೆ ಬಂದರೆ ಆ ಘಟಕದ ವಿಮೆ ಮಾಡಿಸಿದವರಿಗೆಲ್ಲ ಬರುತ್ತದೆ. "ನನ್ನ ಬೆಳೆ ಪೂರ್ತಿ ಹೋಯಿತು, ದುಡ್ಡು ಬರಲಿಲ್ಲ" ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ಆಲಿಕಲ್ಲು ಬೀಳುವ, ಹೊಲಕ್ಕೆ ನೀರು ನುಗ್ಗುವಂಥ ಸ್ಥಳೀಯ ಹಾನಿಯನ್ನು ಮಾತ್ರ ಪ್ರತ್ಯೇಕವಾಗಿ ನೋಡುತ್ತಾರೆ, ಅದನ್ನು 72 ಗಂಟೆಯೊಳಗೆ ತಿಳಿಸಬೇಕು. ಮಳೆಯಿಲ್ಲದೆ ಘಟಕದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ 25 ಕೊಡುವ ಅವಕಾಶವೂ ಇದೆ.

ಬಿತ್ತಿದ ಮೇಲೆ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು ಒಮ್ಮೆ ನೋಡಿಕೊಳ್ಳಿ. ವಿಮೆ ಮಾಡಿಸಿದ್ದು ರಾಗಿಗೆ, ಸಮೀಕ್ಷೆಯಲ್ಲಿ ಇರುವುದು ಬೇರೆ ಬೆಳೆ ಎಂದಾದರೆ ಅರ್ಜಿ ತಿರಸ್ಕಾರವಾಗುತ್ತದೆ. ಮಳೆ ತಡವಾಗಿ ಕೊನೇ ಗಳಿಗೆಯಲ್ಲಿ ಬೆಳೆ ಬದಲಿಸಿದವರಿಗೇ ಈ ತೊಂದರೆ ಜಾಸ್ತಿ. ತಪ್ಪು ಕಂಡರೆ ಆಕ್ಷೇಪಣೆಯ ಅವಧಿ ಮುಗಿಯುವ ಮುಂಚೆಯೇ ಗ್ರಾಮ ಆಡಳಿತಾಧಿಕಾರಿಗೋ ರೈತ ಸಂಪರ್ಕ ಕೇಂದ್ರಕ್ಕೋ ತಿಳಿಸಿ ಸರಿಪಡಿಸಿಕೊಳ್ಳಿ.